ರಜೆ ನಾಮಕರಣಕ್ಕಂತೆ!

ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಸಿಟ್ಟು ಬಂತು. ನಿಮ್ಮ ಮೇಲಲ್ಲ ಮಾರಾಯ್ತಿ.

ಬರೆದವರಿಗೆ 27 ವರ್ಷ, ಚೊಚ್ಚಲ ಬಸುರಿ, ಎಂಟನೇ ತಿಂಗಳು. ಸೀಮಂತ ಮುಗಿಸಿಕೊಂಡು ಸಾಗರದ ತವರಿಗೆ ಬಂದಿದ್ದಾರೆ. ಗಂಡ ಬೆಂಗಳೂರಿನಲ್ಲಿ, ಕಂಪನಿ ಕೆಲಸ. ಹೆರಿಗೆ ಹೊತ್ತಲ್ಲಿ ಗಂಡ ಪಕ್ಕದಲ್ಲಿರಬೇಕು ಅನ್ನೋದು ಇವರ ಆಸೆ. ಡಾಕ್ಟರು ಆಗಲಿ ಅಂದಿದ್ದಾರೆ. ಅತ್ತೆ ಮಾತ್ರ ‘ಗಂಡಸರಿಗೆ ಅಲ್ಲೇನು ಕೆಲಸ?’ ಅಂತಾರೆ. ಅವರನ್ನು ಒಪ್ಪಿಸೋದು ಹೇಗೆ ಅಂತ ಪ್ರಶ್ನೆ.

ಅತ್ತೆಯನ್ನು ಬಿಡಿ. ಅವರು ಹೆತ್ತಾಗ ಗಂಡನಿಗೆ ಸುದ್ದಿ ಮುಟ್ಟಿದ್ದೇ ಮಾರನೇ ದಿನ ಅಂತ ನೀವೇ ಬರೆದಿದ್ದೀರಿ. ಕಂಡಿಲ್ಲದ್ದನ್ನು ಅವರು ಹೇಗೆ ಒಪ್ಪಬೇಕು, ಪಾಪ.

ನನ್ನ ಕಣ್ಣು ನಿಂತಿದ್ದು ನೀವು ಕೊನೆಗೆ ಸುಮ್ನೆ ಸೇರಿಸಿದ ಸಾಲಿನ ಮೇಲೆ. ‘ಇವರು ಹತ್ತು ದಿನದ ರಜೆ ನಾಮಕರಣಕ್ಕೆ ಅಂತ ಎತ್ತಿಟ್ಟಿದ್ದಾರೆ. ನೋವು ಶುರುವಾದ ತಕ್ಷಣ ಫೋನ್ ಮಾಡು, ಬಸ್ ಹತ್ತುತ್ತೇನೆ ಅಂದಿದ್ದಾರೆ.’

ಅಲ್ರೀ, ಹೆರಿಗೆ ಕೋಣೆಗೆ ಯಾರು ಬರಬೇಕು ಅಂತ ಇಷ್ಟೆಲ್ಲ ಜಗಳ. ಬರಬೇಕಾದವರು ಆಗ ಅರಸೀಕೆರೆಯಲ್ಲಿ ಬಸ್ಸಿನೊಳಗೆ ತೂಕಡಿಸುತ್ತಿರುತ್ತಾರೆ! ಡಾಕ್ಟರು ಬರೆದುಕೊಟ್ಟ ತಾರೀಖಿಗೇ ಹುಟ್ಟುವ ಮಕ್ಕಳು ತೀರಾ ಕಡಿಮೆ. 37ನೇ ವಾರ ಕಳೆದ ಮೇಲೆ ಯಾವತ್ತಾದರೂ ನೋವು ಬರಬಹುದು.

ನಮ್ಮವರೂ ಹೀಗೇ. ನನ್ನ ಮೊದಲ ಹೆರಿಗೆಗೆ ಅರ್ಧ ಕೆಜಿ ಪೇಡ ಹಿಡಿದುಕೊಂಡು ಬಂದರು. ಮಗುವಿಗೆ ಆಗ 19 ಗಂಟೆ ವಯಸ್ಸು. ಪೇಡ ಚೆನ್ನಾಗಿತ್ತು.

ಇನ್ನೊಂದು ಮಾತು. ಚೊಚ್ಚಲಾದರೆ ಜಾಸ್ತಿ ಹೊತ್ತು ಕಳೆಯೋದು ಹೆರಿಗೆ ಕೋಣೆಯ ಹೊರಗೇ. ನೋವು ಬರುತ್ತೆ, ಹೋಗುತ್ತೆ. ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೀಬೇಕು. ಆಗ ಸೊಂಟದ ಕೆಳಗೆ ಅಂಗೈ ಒತ್ತಿ ಹಿಡಿಯೋಕೆ, ನೀರು ಕೊಡೋಕೆ, ‘ಸಿಸ್ಟರ್, ಸ್ವಲ್ಪ ಬಂದು ನೋಡಿ’ ಅಂತ ಕೂಗೋಕೆ ಒಂದು ಜನ ಬೇಕು. ಅಷ್ಟು ಹೊತ್ತು ಗಂಡನನ್ನು ತಡೆಯೋಕೆ ಯಾವ ಅತ್ತೆಗೂ ಆಗಲ್ಲ. ಜೊತೆಗೊಬ್ಬರು ಇದ್ದರೆ ನೋವಿನ ಹೊತ್ತು ಕಡಿಮೆಯಾಗುತ್ತೆ, ಸಿಸೇರಿಯನ್ನೂ ಕಡಿಮೆ ಅಂತ ಎಷ್ಟೋ ದೇಶಗಳಲ್ಲಿ ನೋಡಿ ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದೂ ಇದೇ, ಹೆರುವವಳಿಗೆ ಬೇಕಾದವರು ಜೊತೆಗಿರಲಿ ಅಂತ. ನಮ್ಮ ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಒಬ್ಬರನ್ನು ಬಿಡಿ ಅಂದಿತ್ತು. ಅಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ಮಂಚ ಇದ್ದರೆ ಗಂಡಸರನ್ನು ಬಿಡಲ್ಲ, ಅದು ನ್ಯಾಯವೇ. ನಿಮ್ಮ ಡಾಕ್ಟರು ಆಗಲೇ ಒಪ್ಪಿದ್ದಾರೆ, ನಿಮಗೆ ಆ ತೊಂದರೆ ಇಲ್ಲವಲ್ಲ.

ನಿಮ್ಮ ಭಾವನ ವಿಷಯ. ‘ರಕ್ತ ನೋಡಿ ತಲೆ ತಿರುಗಿ ಬಿದ್ದೆ, ನೀನು ಹೋಗಬೇಡ’ ಅಂತ ತಮ್ಮನಿಗೆ ಹೆದರಿಸಿದ್ದಾರಂತೆ. ಇಡೀ ಪತ್ರದಲ್ಲಿ ನನಗೆ ಸೇರದ ಮನುಷ್ಯ ಇವರೊಬ್ಬರೇ. ನಿಮ್ಮವರು ಹೊಟ್ಟೆಗೆ ಏನಾದರೂ ಹಾಕಿಕೊಂಡು, ನಿಮ್ಮ ತಲೆಯ ಪಕ್ಕ ಸ್ಟೂಲ್ ಹಾಕಿ ಕೂತು, ನಿಮ್ಮ ಮುಖ ನೋಡಲಿ. ತಲೆ ಯಾಕೆ ತಿರುಗುತ್ತೆ?

ಇನ್ನು ನಾಮಕರಣದ ವಿಷಯ. ಅಪ್ಪ ಶನಿವಾರ ರಾತ್ರಿ ಬಸ್ ಹತ್ತಿ ಬಂದು ಹೆಸರಿಟ್ಟು ಹೋದರೂ ಮಗುವೇನೂ ಬೇಜಾರು ಮಾಡಿಕೊಳ್ಳಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಕೊಡೋ 15 ದಿನದ ಪಿತೃತ್ವ ರಜೆಯನ್ನು ಹೆರಿಗೆಗೆ ಮೊದಲೇ ತಗೋಬಹುದು ಅಂತ ನಿಯಮದಲ್ಲೇ ಇದೆ. ನಿಮ್ಮವರ ಕಂಪನಿಯಲ್ಲಿ ಅದಿಲ್ಲದಿದ್ದರೆ ಆ ಹತ್ತು ದಿನ ಇದೆಯಲ್ಲ.

ಹಾಗಾಗಿ ಇವತ್ತು ರಾತ್ರಿ ಫೋನಲ್ಲಿ ಒಂದೇ ಮಾತು ಹೇಳಿ: 38ನೇ ವಾರಕ್ಕೆ ಸಾಗರದ ಬಸ್ ಟಿಕೆಟ್ ಮಾಡಿಸಿ, ಲ್ಯಾಪ್‌ಟಾಪ್ ಜೊತೆಗೆ ತನ್ನಿ. ನೋವು ಬರೋವರೆಗೆ ನಿಮ್ಮ ಮನೆ ಜಗಲಿಯಲ್ಲಿ ಕೂತು ಕೆಲಸ ಮಾಡಲಿ, ನೋವು ಬಂದ ದಿನದಿಂದ ರಜೆ ಹಾಕಲಿ. ಭಾವ ಬೆಂಗಳೂರಲ್ಲೇ ಇರಲಿ.