ಓದುಗರ ಪ್ರಶ್ನೆ: ಮೊದಲ ಸೇನಾ ಮುಖ್ಯಸ್ಥರು ಯಾರು?

ಪ್ರಶ್ನೆ: ಭಾರತದ ಮೊದಲ ಸೇನಾ ಮುಖ್ಯಸ್ಥರು ಕೆ.ಎಂ. ಕಾರ್ಯಪ್ಪ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕವೊಂದರಲ್ಲಿ ಮಹಾರಾಜ್ ರಾಜೇಂದ್ರಸಿಂಹಜಿ ಎಂದಿದೆ. ಯಾವುದು ಸರಿ?
— ಶಾಲಾ ಶಿಕ್ಷಕಿ, ಸೋಮವಾರಪೇಟೆ

ಉತ್ತರ: ಎರಡೂ ಸರಿ. ಪ್ರಶ್ನೆಯಲ್ಲಿ ಯಾವ ಪದವಿದೆ ಎಂಬುದನ್ನು ನೋಡಬೇಕು. 1949ರ ಜನವರಿ 15ರಂದು ಕಾರ್ಯಪ್ಪನವರು ಜನರಲ್ ರಾಯ್ ಬುಚರ್ ಅವರಿಂದ ವಹಿಸಿಕೊಂಡದ್ದು 'ಕಮಾಂಡರ್ ಇನ್ ಚೀಫ್' ಹುದ್ದೆಯನ್ನು. ಕನ್ನಡದಲ್ಲಿ ಮಹಾದಂಡನಾಯಕ ಎನ್ನುವುದು ಇದನ್ನೇ. ಆ ಕುರ್ಚಿಯಲ್ಲಿ ಕುಳಿತ ಮೊದಲ ಭಾರತೀಯ ಅವರು. ಸೇನಾ ದಿನ ಜನವರಿ 15ಕ್ಕೆ ಬರುವುದೂ ಅದಕ್ಕೇ. 1955ರ ಏಪ್ರಿಲ್ 1ರಿಂದ ಹುದ್ದೆಯ ಹೆಸರು 'ಚೀಫ್ ಆಫ್ ದಿ ಆರ್ಮಿ ಸ್ಟಾಫ್' ಎಂದಾಯಿತು. ಅಂದು ಆ ಜಾಗದಲ್ಲಿದ್ದವರು ರಾಜೇಂದ್ರಸಿಂಹಜಿ. ಹೊಸ ಹೆಸರಿನಲ್ಲಿ ಅವರು ಕೆಲಸ ಮಾಡಿದ್ದು ಸುಮಾರು ಒಂದೂವರೆ ತಿಂಗಳು ಮಾತ್ರ, ಆದರೂ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ. ಇನ್ನೊಂದು ಮಡಿಕೆಯೂ ಇದೆ: 'ಸ್ವತಂತ್ರ ಭಾರತದ ಮೊದಲ ಕಮಾಂಡರ್ ಇನ್ ಚೀಫ್' ಎಂದಷ್ಟೇ ಕೇಳಿದರೆ ಉತ್ತರ ಬ್ರಿಟಿಷ್ ಅಧಿಕಾರಿ ರಾಬ್ ಲಾಕ್‌ಹಾರ್ಟ್. 'ಭಾರತೀಯ' ಎಂಬ ಒಂದು ಪದ ಬಿಟ್ಟು ಪ್ರಶ್ನೆ ತೆಗೆದರೆ ಮಕ್ಕಳು ತಪ್ಪುವುದು ಸಹಜ.

ಹೆಸರು ಬದಲಾಯಿಸಿದ್ದರಲ್ಲಿ ಅರ್ಥವಿತ್ತು. ಬ್ರಿಟಿಷರ ಕಾಲದ ಕಮಾಂಡರ್ ಇನ್ ಚೀಫ್ ಬರೀ ಸೇನಾಪತಿಯಲ್ಲ, ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲೂ ಕೂರುತ್ತಿದ್ದ. ಸೇನಾಡಳಿತ ಯಾರ ಕೈಯಲ್ಲಿರಬೇಕು ಎಂದು ಆಗಿನ ಕಮಾಂಡರ್ ಇನ್ ಚೀಫ್ ಕಿಚನರ್ ಜೊತೆ ಜಟಾಪಟಿ ನಡೆದು, 1905ರಲ್ಲಿ ರಾಜೀನಾಮೆ ಕೊಟ್ಟವರು ವೈಸ್‌ರಾಯ್ ಕರ್ಜನ್ನರೇ! ದೆಹಲಿಯಲ್ಲಿ ಕಮಾಂಡರ್ ಇನ್ ಚೀಫ್‌ಗೆಂದು ಕಟ್ಟಿದ ಬಂಗಲೆಯೇ ಮುಂದೆ ನೆಹರೂ ವಾಸವಿದ್ದ ತೀನ್ ಮೂರ್ತಿ ಭವನ. 1947ರ ಆಗಸ್ಟ್ 15ರಿಂದ ಭೂಸೇನೆ, ನೌಕಾಪಡೆ, ವಾಯುಪಡೆಗೆ ಬೇರೆ ಬೇರೆ ಮುಖ್ಯಸ್ಥರು ಬಂದರು. ಸಂವಿಧಾನದ 53ನೇ ವಿಧಿ ಸರ್ವೋಚ್ಚ ದಂಡಾಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಹಾಗಿರುವಾಗ ಜನರಲ್ ಒಬ್ಬರು 'ಇನ್ ಚೀಫ್' ಎನಿಸಿಕೊಳ್ಳುವುದು ಹೊಂದುತ್ತಿರಲಿಲ್ಲ.

ಪ್ರಶ್ನೆ: ಫೀಲ್ಡ್ ಮಾರ್ಷಲ್ ಹುದ್ದೆ ಸೇನಾ ಮುಖ್ಯಸ್ಥರಿಗಿಂತ ದೊಡ್ಡದೇ?
— ಪದವಿ ವಿದ್ಯಾರ್ಥಿ, ಹಾಸನ

ಉತ್ತರ: ಅದು ಹುದ್ದೆಯಲ್ಲ, ದರ್ಜೆ. ಜನರಲ್‌ಗೆ ನಾಲ್ಕು ನಕ್ಷತ್ರ, ಫೀಲ್ಡ್ ಮಾರ್ಷಲ್‌ಗೆ ಐದು. ಈ ದರ್ಜೆಯವರು ನಿವೃತ್ತರಾಗುವುದಿಲ್ಲ, ಹಾಗೆಂದು ಅವರ ಕೈಕೆಳಗೆ ಪಡೆಯೂ ಇರುವುದಿಲ್ಲ. ಭಾರತೀಯ ಭೂಸೇನೆಯಲ್ಲಿ ಇದು ಸಿಕ್ಕಿದ್ದು ಇಬ್ಬರಿಗೇ: 1973ರಲ್ಲಿ ಮಾಣೆಕ್ ಷಾ, 1986ರಲ್ಲಿ ಕಾರ್ಯಪ್ಪ. ಕಾರ್ಯಪ್ಪನವರು ಸಮವಸ್ತ್ರ ಕಳಚಿ ಆಗ 33 ವರ್ಷ ಕಳೆದಿತ್ತು.

ಪ್ರಶ್ನೆ: ಎಲ್ಲರಿಗಿಂತ ಹಿರಿಯ ಅಧಿಕಾರಿಯೇ ಮುಖ್ಯಸ್ಥರಾಗಬೇಕೆಂಬ ನಿಯಮವಿದೆಯೇ? ಆಯ್ಕೆ ಹೇಗೆ?
— ಮಾಜಿ ಸೈನಿಕರ ಮಗ, ಗೋಕಾಕ

ಉತ್ತರ: ನಿಯಮವಿಲ್ಲ, ವಾಡಿಕೆ ಇದೆ. 1983ರಲ್ಲಿ ಎಸ್.ಕೆ. ಸಿನ್ಹಾ ಅವರನ್ನು ದಾಟಿ ಎ.ಎಸ್. ವೈದ್ಯ ಬಂದರು, 2016ರ ಕೊನೆಗೆ ಇಬ್ಬರು ಹಿರಿಯರನ್ನು ದಾಟಿ ಬಿಪಿನ್ ರಾವತ್ ಬಂದರು. ತೀರ್ಮಾನ ಸಂಪುಟದ ನೇಮಕಾತಿ ಸಮಿತಿಯದು.

ಅಲ್ಲಿಯವರೆಗಿನ ದಾರಿ ಹೀಗಿದೆ. ಲೆಫ್ಟಿನೆಂಟ್ ಕರ್ನಲ್‌ವರೆಗಿನ ಬಡ್ತಿ ಸೇವಾವಧಿ ತುಂಬಿದಂತೆ, ಅಂದರೆ ಸುಮಾರು 13 ವರ್ಷಕ್ಕೆ, ಸಿಗುತ್ತದೆ. ಕರ್ನಲ್‌ನಿಂದ ಮೇಲಕ್ಕೆ ಪ್ರತಿ ಮೆಟ್ಟಿಲಿಗೂ ಆಯ್ಕೆ ಮಂಡಳಿ ಕೂರುತ್ತದೆ. ಬಹಳಷ್ಟು ಮಂದಿ ನಿಲ್ಲುವುದು ಇಲ್ಲೇ. ಲೆಫ್ಟಿನೆಂಟ್ ಜನರಲ್ ಆಗಿ ಕೋರ್ ಎಂಬ ದೊಡ್ಡ ಪಡೆಯೊಂದನ್ನು ನಡೆಸಿದವರಲ್ಲಿ ಕೆಲವರು ಉಧಂಪುರ, ಪುಣೆ, ಕೋಲ್ಕತ್ತದಂಥ ಕಡೆ ಆರ್ಮಿ ಕಮಾಂಡರ್, ಅಂದರೆ ಒಂದು ಪ್ರಾದೇಶಿಕ ಕಮಾಂಡಿನ ಮುಖ್ಯಸ್ಥರು, ಆಗುತ್ತಾರೆ. ಮುಖ್ಯಸ್ಥರನ್ನು ಸಾಮಾನ್ಯವಾಗಿ ಇವರಿಂದ ಅಥವಾ ಉಪಮುಖ್ಯಸ್ಥರಿಂದ ಆರಿಸುತ್ತಾರೆ.

ಇಷ್ಟಾದ ಮೇಲೂ ಕೈಕೊಡುವುದು ಹುಟ್ಟಿದ ದಿನಾಂಕ. ಲೆಫ್ಟಿನೆಂಟ್ ಜನರಲ್‌ಗೆ 60ಕ್ಕೆ ನಿವೃತ್ತಿ. ಮುಖ್ಯಸ್ಥರಿಗೆ 3 ವರ್ಷ ಅಥವಾ 62 ವಯಸ್ಸು, ಯಾವುದು ಮೊದಲೋ ಅದು. ಹಾಗಾಗಿ ಕುರ್ಚಿ ತೆರವಾಗುವ ದಿನ 60 ತುಂಬಿರಬಾರದು. ನಿವೃತ್ತಿ ಹುಟ್ಟಿದ ತಿಂಗಳ ಕೊನೆಯ ದಿನಕ್ಕೆ. 1ನೇ ತಾರೀಖು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಗೇ. 2024ರಲ್ಲಿ ಸೇನಾ ಮುಖ್ಯಸ್ಥರಾದ ಉಪೇಂದ್ರ ದ್ವಿವೇದಿ ಅವರ ಜನನ 1964ರ ಜುಲೈ 1. ಲೆಕ್ಕದಂತೆ 2024ರ ಜೂನ್ 30 ಅವರ ನಿವೃತ್ತಿಯ ದಿನ. ಆಗಿನ ಸೇನಾ ಮುಖ್ಯಸ್ಥ ಮನೋಜ್ ಪಾಂಡೆ ಅವರಿಗೆ ಸರ್ಕಾರ ಒಂದು ತಿಂಗಳು ವಿಸ್ತರಣೆ ಕೊಟ್ಟಿತ್ತು, ಅದು ಮುಗಿದದ್ದೂ ಅದೇ ಜೂನ್ 30ಕ್ಕೆ. ದ್ವಿವೇದಿ ಅಂದೇ ಅಧಿಕಾರ ವಹಿಸಿಕೊಂಡರು. 2022ರಲ್ಲಿ ನಿಯಮ ತಿದ್ದಿದ ಮೇಲೆ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆಗೆ, ಅಂದರೆ ಸಿಡಿಎಸ್‌ಗೆ, 62 ದಾಟದ ನಿವೃತ್ತ ಲೆಫ್ಟಿನೆಂಟ್ ಜನರಲ್‌ಗಳನ್ನೂ ಪರಿಗಣಿಸಬಹುದು. ಅನಿಲ್ ಚೌಹಾಣ್ ನಿವೃತ್ತಿಯಿಂದ ಮರಳಿ ಬಂದದ್ದು ಹಾಗೆ.