ಬನ್ನಿ ತೊಗೊಳ್ಳಲೋ ಬೇಡವೋ?

ಚರ್ಚಿನ ಸಭಾಪಾಲಕನ (ಪಾದ್ರಿಯ) ಕೆಲಸದಿಂದ ನಿವೃತ್ತನಾಗಿ ಬೆಳಗಾವಿಯಲ್ಲಿ ಕೂತರೂ ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ದಸರಾ ಹತ್ತಿರ ಬಂತೆಂದರೆ, ಕ್ರೈಸ್ತರಾದ ಮೇಲೆ ಊರಿನ ರೂಢಿಗಳನ್ನು ಬಿಡಬೇಕಾ ಅನ್ನುವ ಒಂದೇ ಪ್ರಶ್ನೆ ಹತ್ತು ಊರಿನಿಂದ ಬರುತ್ತದೆ. ಪ್ರತಿ ವರ್ಷ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ವಿಗ್ರಹಕ್ಕೆ ಕಾಯಿ ಒಡೆಯಬಹುದಾ ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ವಿಗ್ರಹಪೂಜೆ ಬೇಡ ಅನ್ನುವ ಸತ್ಯವೇದದ (ಬೈಬಲಿನ) ಹತ್ತು ಆಜ್ಞೆಗಳು ಅವರಿಗೂ ಬಾಯಿಪಾಠ ಇವೆ.

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ಹಳ್ಳಿಯವಳು ನಾನು. ಮೂರು ವರ್ಷದ ಹಿಂದೆ ನಾನೂ ನನ್ನ ಗಂಡನೂ ದೀಕ್ಷಾಸ್ನಾನ ತೊಗೊಂಡು ಕ್ರೈಸ್ತರಾದೆವು. ಅತ್ತೆ, ಮಾವ ತೊಗೊಂಡಿಲ್ಲ. ಬಳೆ, ಗುಳದಾಳಿ (ತಾಳಿ), ಕಾಲುಂಗುರ ತೆಗೆಯಬೇಕು, ದಸರಾದ ಬನ್ನಿ ಎಲೆ ಮುಟ್ಟಬಾರದು, ಓಣಿಯವರ ಮನೆಯಲ್ಲಿ ಉಣ್ಣಬಾರದು ಅಂತ ನಮ್ಮ ಪ್ರಾರ್ಥನಾ ಕೂಟದ ನಾಯಕರು ಹೇಳುತ್ತಾರೆ. ಅತ್ತೆ ದಿನಾ ಅಳುತ್ತಾರೆ. ಏನು ಮಾಡಲಿ?

ಉತ್ತರ: ತಂಗಿ, ಬಳೆ ತೆಗೆಯಬೇಡಿ. ಗುಳದಾಳಿಯನ್ನೂ ತೆಗೆಯಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ನಾನು ಮಾಡಿದ ತಪ್ಪು ಕೇಳಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಿಮ್ಮಂಥ ಒಬ್ಬ ಹೆಣ್ಣುಮಗಳಿಗೆ ದೀಕ್ಷಾಸ್ನಾನ ಇತ್ತು. ಹಿಂದಿನ ದಿನ ನಾನೇ ಹೇಳಿದೆ, ಹಸಿರು ಬಳೆ ತೆಗೆದು ಬಾ ಅಂತ. ಆಕೆ ನನ್ನ ಮಾತು ಕೇಳಿದಳು. ಬರಿಗೈಲಿ ಓಣಿ ದಾಟಿ ಬಂದಳು. ನಮ್ಮ ಕಡೆ ಹೆಣ್ಣುಮಗಳು ಯಾವಾಗ ಬರಿಗೈ ಆಗುತ್ತಾಳೆ? ಗಂಡ ಸತ್ತಾಗ. ಗಂಡ ಪಕ್ಕದಲ್ಲೇ ನಡೆದು ಬರುತ್ತಿದ್ದ. ಆತನ ತಾಯಿ ಹಿಂದಿನಿಂದ ಎದೆ ಬಡಿದುಕೊಂಡು ಓಡಿ ಬಂದಳು. ‘ನನ್ನ ಮಗ ಜೀವಂತ ಅದಾನ, ಅವನ್ನ ಯಾಕ ಸಾಯಿಸಿದಿ’ ಅಂತ ನನ್ನನ್ನೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನೆಗೂ ಆಕೆಯ ತವರಿಗೂ ಎಷ್ಟೋ ವರ್ಷ ಮಾತು ನಿಂತಿತು. ಆ ಹೆಣ್ಣುಮಗಳು ಯೇಸುವಿಗೆ ತನ್ನನ್ನು ಒಪ್ಪಿಸಿಕೊಂಡಿದ್ದಳು. ಓಣಿಯ ಕಣ್ಣಿಗೆ ಕಂಡದ್ದು ವಿಧವೆ. ಈ ತಪ್ಪು ಆಕೆಯದಲ್ಲ, ನನ್ನದು. ಇವತ್ತಿಗೂ ನೆನಪಾದರೆ ನಿದ್ದೆ ಬರುವುದಿಲ್ಲ.

ಅಂದಿನಿಂದ ಯಾವ ರೂಢಿ ಎದುರಾದರೂ ನಾನು ಎರಡು ಮಾತು ಕೇಳಿಕೊಳ್ಳುತ್ತೇನೆ. ಇದರಲ್ಲಿ ಪೂಜೆ ಇದೆಯಾ? ನಾನಿದನ್ನು ಮಾಡಿದರೆ ಅಥವಾ ಬಿಟ್ಟರೆ ಓಣಿಯವರು ಅದನ್ನು ಏನಂತ ಓದುತ್ತಾರೆ? ಗುಳದಾಳಿ ಮತ್ತು ಬಳೆಯಲ್ಲಿ ಓಣಿ ಓದುವುದು ‘ಈಕೆಗೆ ಗಂಡ ಇದ್ದಾನೆ’ ಅಂತ. ಅದು ನಿಜ ತಾನೇ? ಇರಲಿ ಬಿಡಿ. ಗುಳದಾಳಿ ಸತ್ಯವೇದದಲ್ಲಿಲ್ಲ ಅಂತ ನಿಮ್ಮ ನಾಯಕರು ಹೇಳಬಹುದು. ಮದುವೆಯ ಉಂಗುರವೂ ಸತ್ಯವೇದದಲ್ಲಿಲ್ಲ, ಅದು ರೋಮಿನವರ ರೂಢಿ. ಮದುವೆಯ ಬಿಳಿ ಗೌನು ಎಲ್ಲ ಕಡೆ ಹಬ್ಬಿದ್ದು 1840ರಲ್ಲಿ ರಾಣಿ ವಿಕ್ಟೋರಿಯಾ ಬಿಳಿ ಉಟ್ಟು ಮದುವೆಯಾದ ಮೇಲೆ. ಉಂಗುರ ನಡೆಯುತ್ತದೆ, ಗೌನು ನಡೆಯುತ್ತದೆ, ನಮ್ಮ ಅವ್ವಂದಿರ ಕರಿಮಣಿ ಮಾತ್ರ ಪಾಪ ಅನ್ನುವ ಬೋಧನೆ ಎಲ್ಲಿಂದ ಬಂತು? ಇಂಥದ್ದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬೈಲಹೊಂಗಲ ಕಡೆ ದೇಶನೂರಿನಲ್ಲಿ ಕ್ಯಾಥೊಲಿಕ್ ಜೆಸುಯಿಟ್ ಸಂಘದ ಗುರುಗಳು ಕಾವಿ ತೊಟ್ಟು, ಮಾಂಸ ಬಿಟ್ಟು, ಮಠದ ರೀತಿಯಲ್ಲಿ ಬದುಕಿದರು. ಅವರ ಕ್ರಿಸ್ತ ಕಡಿಮೆಯಾಗಲಿಲ್ಲ.

ಇನ್ನು ಬನ್ನಿ. ಗಿಡದ ಕೆಳಗೆ ನಡೆಯುವ ಪೂಜೆಗೆ ನೀವು ನಿಲ್ಲಬೇಕಾಗಿಲ್ಲ. ಸಂಜೆ ಮನೆಮನೆಗೆ ಬಂದು ‘ಬನ್ನಿ ತೊಗೊಂಡು ಬಂಗಾರದಂಗ ಇರೋಣ’ ಅಂತ ಎಲೆ ಕೊಡುವುದು ಬೇರೆ. ವರ್ಷವಿಡೀ ಜಗಳವಾಡಿದ ಅಣ್ಣತಮ್ಮಂದಿರು ಅವತ್ತು ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಅದನ್ನು ತೊಗೊಳ್ಳಲ್ಲ ಅಂದರೆ ಓಣಿ ಓದುವುದು ‘ಈಕೆ ವಿಗ್ರಹ ಪೂಜಿಸುವುದಿಲ್ಲ’ ಅಂತ ಅಲ್ಲ. ‘ಈಕೆಗೆ ನಮ್ಮ ಜೊತೆ ಚೆನ್ನಾಗಿರುವುದು ಬೇಕಿಲ್ಲ’ ಅಂತ ಓದುತ್ತದೆ. ಎರಡೂ ಕೈಯಿಂದ ತೊಗೊಳ್ಳಿ. ಹಿರಿಯರಿದ್ದರೆ ಕಾಲು ಮುಟ್ಟಿ. ಬಾಗಲಕೋಟೆಯ ಹೋಳಿಯಲ್ಲೂ ಅಷ್ಟೇ, ಕಾಮನನ್ನು ಸುಡುವಲ್ಲಿ ಆರತಿ ಹಿಡಿಯಬೇಡಿ, ಬಣ್ಣ ಹಾಕಲು ಬಂದ ನೆರೆಮನೆಯ ಹುಡುಗಿಗೆ ಬಾಗಿಲು ಹಾಕಬೇಡಿ.

ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ ಸ್ವಲ್ಪ ಕಷ್ಟದವು. ಹೊಲದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ ಚರಗ (ಹೊಲಕ್ಕೆಲ್ಲ ಎರಚುವ ಅಡುಗೆ) ಚೆಲ್ಲುವುದು ನೈವೇದ್ಯವೇ. ಅದನ್ನು ನೀವು ಮಾಡಬೇಡಿ. ನಿಮ್ಮ ಗಂಡ ಹೊಲದ ಬದುವಿನ ಮೇಲೆ ನಿಂತು ಪೈರಿಗಾಗಿ ಕರ್ತನಿಗೆ ಸ್ತೋತ್ರ ಮಾಡಲಿ. ಆದರೆ ರೊಟ್ಟಿ ಬಡಿಯುವ ಕೆಲಸ ಅತ್ತೆಯ ಮೇಲೆ ಬಿಟ್ಟು ಮನೆಯಲ್ಲಿ ಕೂರಬೇಡಿ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ನೀವೇ ಮಾಡಿ. ಬುತ್ತಿ ಹೊತ್ತು ಹೊಲಕ್ಕೆ ಹೋಗಿ. ಚರಗ ಮಾವ ಚೆಲ್ಲಲಿ. ಆಮೇಲೆ ಎಲ್ಲರ ಜೊತೆ ಕೂತು ಉಣ್ಣಿ.

ಊಟದ ವಿಷಯಕ್ಕೆ ಸತ್ಯವೇದದಲ್ಲಿ ಬೋಧಕ ಪೌಲನೇ ಉತ್ತರ ಕೊಟ್ಟಿದ್ದಾನೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ ತೆಗೆದು ಓದಿ. ನಂಬದವರು ಊಟಕ್ಕೆ ಕರೆದರೆ, ಹೋಗಲು ಮನಸ್ಸಿದ್ದರೆ ಹೋಗು, ಬಡಿಸಿದ್ದನ್ನು ಪ್ರಶ್ನೆ ಕೇಳದೆ ಉಣ್ಣು ಅನ್ನುತ್ತಾನೆ. ಇದು ವಿಗ್ರಹಕ್ಕೆ ಮೀಸಲು ಮಾಡಿದ್ದು ಅಂತ ಯಾರಾದರೂ ಬಾಯಿಬಿಟ್ಟು ಹೇಳಿದರೆ ಮಾತ್ರ ಬೇಡ, ಅದೂ ಹೇಳಿದವನ ಮನಸ್ಸಿನ ಸಲುವಾಗಿ. ಅಷ್ಟು ಸ್ಪಷ್ಟ ಇದೆ. ಪ್ರಸಾದ ಅಂತ ಹೇಳಿ ಕೊಟ್ಟರೆ ‘ಅಕ್ಕಾ, ಇದೊಂದು ಬ್ಯಾಡ, ನೀವು ತಪ್ಪು ತಿಳೀಬ್ಯಾಡ್ರಿ, ಒಂದು ಬಟ್ಟಲ ಚಹಾ ಕೊಡ್ರಿ’ ಅನ್ನಿ. ಬೇಡ ಅಂದದ್ದಕ್ಕಿಂತ ಚಹಾ ಕೇಳಿದ್ದು ಅವರಿಗೆ ಜಾಸ್ತಿ ನೆನಪಿರುತ್ತದೆ.

ಜಾತ್ರೆಗೆ ಪಟ್ಟಿ ಎತ್ತಲು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ವಾದ ಮಾಡಬೇಡಿ. ಊರ ಹಿರಿಯರಿಗೆ ಮುಂಚೆಯೇ ಹೋಗಿ ಹೇಳಿ: ಪೂಜೆಗೆ ನಮ್ಮ ದುಡ್ಡು ಬೇಡ, ನೀರಿನ ಟ್ಯಾಂಕರಿಗೆ ಕೊಡುತ್ತೇವೆ. ನಾನು ಕೆಲಸ ಮಾಡಿದ ಊರುಗಳಲ್ಲಿ ಹೆಚ್ಚಿನ ಹಿರಿಯರು ಇದನ್ನು ಒಪ್ಪಿದ್ದಾರೆ. ಮುಂಚೆ ಹೇಳದೆ ಕೊನೆಗಳಿಗೆಯಲ್ಲಿ ಕೈಯೆತ್ತಿದ ಕಡೆಯೇ ಜಗಳ ಆಗಿದ್ದು.

ಉಡಿ ತುಂಬುವುದರ ಬಗ್ಗೆ ನೀವು ಕೇಳಿಲ್ಲ, ಕೇಳುವ ಹೊತ್ತು ಬರುತ್ತದೆ. ತವರಿನಲ್ಲಿ ಅವ್ವ ಮಗಳಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಬಟ್ಟೆ ಉಡಿಗೆ ಹಾಕಿದರೆ ಅದು ತಾಯಿಯ ಹಾರೈಕೆ, ಸೆರಗೊಡ್ಡಿ. ಯಲ್ಲಮ್ಮನ ಗುಡ್ಡದಲ್ಲಿ ದೇವಿಗೆ ಉಡಿ ತುಂಬುವುದು ಪೂಜೆ, ಅಲ್ಲಿ ನಿಮ್ಮ ಪಾಲು ಬೇಡ. ಕುಂಕುಮದ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳಲಾರೆ. ಕೆಲವರಿಗೆ ಅದು ಬರೀ ಹಣೆಬೊಟ್ಟು. ಕೆಲವರಿಗೆ ಬಿಟ್ಟು ಬಂದ ದೇವಿಯ ನೆನಪು, ಹಚ್ಚಿದರೆ ಕೈ ನಡುಗುತ್ತದೆ. ಅಂಥವರಿಗೆ ಯಾರೂ ಒತ್ತಾಯ ಮಾಡಬಾರದು. ಪೌಲ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಇರುವುದು ಇದಕ್ಕೇ.

ಇಷ್ಟೆಲ್ಲ ಸಡಿಲ ಕೊಟ್ಟರೆ ವಿಶ್ವಾಸ ಉಳಿಯುತ್ತದಾ ಅಂತ ನಿಮ್ಮ ನಾಯಕರು ಕೇಳಬಹುದು. ಸತ್ಯವೇದದ ಅರಸುಗಳು ಎರಡನೇ ಪುಸ್ತಕದಲ್ಲಿ ಸಿರಿಯಾದ ಸೇನಾಪತಿ ನಾಮಾನನ ಕಥೆ ಓದಲು ಹೇಳಿ. ಕುಷ್ಠ ವಾಸಿಯಾಗಿ ಇಸ್ರಾಯೇಲರ ದೇವರನ್ನು ನಂಬಿದ ಮೇಲೆ ಅವನಿಗೆ ಒಂದು ಚಿಂತೆ: ನನ್ನ ರಾಜ ರಿಮ್ಮೋನನ ಗುಡಿಯಲ್ಲಿ ನನ್ನ ಕೈಹಿಡಿದು ಬಾಗುವಾಗ ನಾನೂ ಬಾಗಬೇಕಾಗುತ್ತದಲ್ಲ? ಪ್ರವಾದಿ ಎಲೀಷ ಅವನಿಗೆ ಉಪದೇಶ ಬಿಗಿಯಲಿಲ್ಲ. ಸಮಾಧಾನದಿಂದ ಹೋಗು ಅಂದ.

ನಿಮಗೆ ನಿಜವಾಗಿ ಕಷ್ಟವಾಗುವ ಕೆಲಸ ಬೇರೆ ಇದೆ, ತಂಗಿ. ತೂಕದಲ್ಲಿ ಮೋಸ ಮಾಡದಿರುವುದು. ಓಣಿಯ ಚಾಡಿಗೆ ಕಿವಿ ಕೊಡದಿರುವುದು. ಕೂಲಿಯವಳಿಗೆ ನೀವು ಕುಡಿಯುವ ಬಟ್ಟಲಲ್ಲೇ ಚಹಾ ಕೊಡುವುದು. ಓಣಿಯಲ್ಲಿ ಸಾವಾದರೆ ನಿಮ್ಮ ಗಂಡ ಹೆಗಲು ಕೊಡುವುದು. ಮಣ್ಣಿಗೆ ಹೋಗಬೇಡ, ಅಲ್ಲಿ ಅನ್ಯರ ಮಂತ್ರ ಇರುತ್ತದೆ ಅಂತ ಹೇಳುವ ಬೋಧಕರಿದ್ದಾರೆ. ಅವರ ಮಾತು ಕೇಳಲೇಬೇಡಿ. ಕ್ರಿಸ್‌ಮಸ್‌ಗೆ ಓಣಿಯ ಪ್ರತಿ ಮನೆಗೂ ಕರ್ಚಿಕಾಯಿ ತಟ್ಟೆ ಕಳಿಸಿ. ಲಿಂಗಾಯತರ ಮನೆಗೆ ಕಳಿಸುವುದನ್ನು ಮೊಟ್ಟೆ, ಮಾಂಸ ಮುಟ್ಟದ ಪಾತ್ರೆಯಲ್ಲಿ ಮಾಡಿ, ಹಾಗೆ ಮಾಡಿದ್ದೇವೆ ಅಂತ ಹೇಳಿ ಕೊಡಿ. ಇವತ್ತು ಸಂಜೆ ಅತ್ತೆಯ ಹತ್ತಿರ ಕೂತು, ಗುಳದಾಳಿ ತೆಗೆಯುವುದಿಲ್ಲ ಅಂತ ನಿಮ್ಮ ಬಾಯಿಂದಲೇ ಹೇಳಿ.

ಪ್ರಶ್ನೆ: ವಿಜಯಪುರದಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ ಟಿಬಿ. ಎರಡು ತಿಂಗಳು ಗುಳಿಗೆ ತೊಗೊಂಡು ಆರಾಮಾಗಿದ್ದಾರೆ. ಸ್ವಸ್ಥತಾ ಪ್ರಾರ್ಥನೆಗೆ ಬಂದ ಒಬ್ಬರು ಅಭಿಷೇಕದ ಎಣ್ಣೆ ಕೊಟ್ಟು, ಇನ್ನು ಗುಳಿಗೆ ತೊಗೊಂಡರೆ ನಂಬಿಕೆ ಇಲ್ಲ ಅಂತ ಅರ್ಥ ಅಂದರು. ಅಪ್ಪ ಗುಳಿಗೆ ಬಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಇವತ್ತೇ ಗುಳಿಗೆ ಶುರು ಮಾಡಿಸಿ, ನಾಳೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಷ್ಟು ದಿನ ತಪ್ಪಿದೆ ಅಂತ ಹೇಳಿ. ಸಾಮಾನ್ಯ ಟಿಬಿಗೆ ಆರು ತಿಂಗಳ ಔಷಧ. ಕೆಮ್ಮು, ಜ್ವರ ಬೇಗ ಇಳಿಯುತ್ತವೆ, ರೋಗಾಣು ಅಷ್ಟು ಬೇಗ ಸಾಯುವುದಿಲ್ಲ. ನಡುವೆ ಬಿಟ್ಟರೆ ಉಳಿದ ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು, ಮನೆಯ ಮಕ್ಕಳಿಗೂ ಅದೇ ಅಂಟಬಹುದು. ಆ ಮನುಷ್ಯ ನಿಮ್ಮ ಅಪ್ಪನಿಗೆ ಮಾಡಿದ್ದು ಪ್ರಾರ್ಥನೆ ಅಲ್ಲ. ಸುವಾರ್ತೆ ಬರೆದ ಲೂಕ ವೈದ್ಯನಾಗಿದ್ದ. ತನ್ನ ಶಿಷ್ಯ ತಿಮೊಥೆಯನ ಹೊಟ್ಟೆನೋವಿಗೆ ಪೌಲ ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಬರೆದ. ಯೇಸು ಹೇಳಿದ ಕಥೆಯಲ್ಲಿ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ಗದಗ ಬೆಟಗೇರಿಯಲ್ಲಿ ಆಸ್ಪತ್ರೆ ಕಟ್ಟಿದ ಬಾಸೆಲ್ ಮಿಷನ್ನಿನವರಿಗೆ ನಂಬಿಕೆ ಕಡಿಮೆ ಇತ್ತಾ? ಸಕ್ಕರೆ ಕಾಯಿಲೆಯ ಮಗುವಿನ ಇನ್ಸುಲಿನ್ ನಿಲ್ಲಿಸಿ ಅನ್ನುವವರೂ ಇದ್ದಾರೆ. ಅಂಥ ಮಗು ಕೆಲವೇ ದಿನಗಳಲ್ಲಿ ಸಾಯಬಹುದು. ಮಂತ್ರಶಕ್ತಿಯಿಂದ ರೋಗ ವಾಸಿ ಅಂತ ಜಾಹೀರಾತು ಕೊಡುವುದನ್ನು ತಡೆಯಲು 1954ರಿಂದ ಕಾನೂನು ಇದೆ. ಇಂಥವರ ಬಗ್ಗೆ ದೂರು ಕೊಟ್ಟರೆ ಸಭೆಗೆ ಕೆಟ್ಟ ಹೆಸರು ಬರುತ್ತದೆ ಅಂತ ಸುಮ್ಮನಿರಬೇಡಿ. ಸುಮ್ನೆ ಇದ್ದರೇ ಕೆಟ್ಟ ಹೆಸರು.

ಪ್ರಶ್ನೆ: ಕ್ರೈಸ್ತನಾದ ಮೇಲೆ ಬಸವರಾಜ ಅನ್ನುವ ಹೆಸರು ಬದಲಿಸಬೇಕಾ?

ಉತ್ತರ: ಬೇಡ. ಪೌಲನ ಜೊತೆ ಸೇವೆ ಮಾಡಿದ ಅಪೊಲ್ಲೋಸ, ಎಪಫ್ರೊದೀತ, ಫೊಯಿಬೆ, ಇವೆಲ್ಲ ಗ್ರೀಕ್ ದೇವದೇವಿಯರಿಂದ ಬಂದ ಹೆಸರು. ಪೌಲ ಒಬ್ಬರದನ್ನೂ ಬದಲಿಸಲಿಲ್ಲ.

ಪ್ರಶ್ನೆ: ಡಿಸೆಂಬರ್ 25 ಸತ್ಯವೇದದಲ್ಲಿ ಇಲ್ಲವಲ್ಲ, ಹಬ್ಬ ಮಾಡಬಹುದಾ?

ಉತ್ತರ: ಇಲ್ಲ, ನಿಜ. ಮಾಡಿ.

ಪ್ರಶ್ನೆ: ದೀಕ್ಷಾಸ್ನಾನ ಆದ ಮೇಲೂ ಪರಿಶಿಷ್ಟ ಜಾತಿ ಪ್ರಮಾಣಪತ್ರ ಇಟ್ಟುಕೊಳ್ಳಬಹುದಾ?

ಉತ್ತರ: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ. ಪರಿಶಿಷ್ಟ ಪಂಗಡಕ್ಕೆ ಈ ಷರತ್ತು ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಈ ಆದೇಶ ಅನ್ಯಾಯದ್ದು ಅಂತ ನಾನು ನಂಬುತ್ತೇನೆ. ಮತ ಬದಲಾದರೆ ಹಳ್ಳಿಯ ಬಾವಿಕಟ್ಟೆ ಬದಲಾಗುವುದಿಲ್ಲ. ಆದರೂ ಸುಳ್ಳು ಬರೆದುಕೊಡಿ ಅಂತ ನಾನು ಹೇಳಲಾರೆ. ಅರ್ಜಿಗೆ ಸಹಿ ಹಾಕುವ ಮೊದಲು ವಕೀಲರನ್ನು ಕೇಳಿ. ಸಭಾಪಾಲಕರನ್ನು ಕೇಳಬೇಡಿ, ನಮ್ಮಲ್ಲಿ ಎಷ್ಟೋ ಜನ ಇದರ ಬಗ್ಗೆ ತಪ್ಪು ಹೇಳುತ್ತಾರೆ.

ಪ್ರಶ್ನೆ: ಅಪ್ಪ ಮೃತ್ಯುಪತ್ರ ಬರೆಯದೆ ತೀರಿಕೊಂಡರು. ತಂಗಿಗೆ ಮದುವೆ ಮಾಡಿ ಕೊಟ್ಟಿದ್ದೇವೆ. ಬೆಳಗಾವಿಯ ಮನೆ ನಮ್ಮಿಬ್ಬರು ಅಣ್ಣತಮ್ಮಂದಿರಿಗೆ ಅಲ್ವಾ?

ಉತ್ತರ: ಅಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ತಾಯಿ ಇದ್ದರೆ ಮೂರರಲ್ಲಿ ಒಂದು ಪಾಲು ಅವರಿಗೆ. ಉಳಿದದ್ದು ಮಕ್ಕಳೆಲ್ಲರಿಗೂ ಸಮ, ಗಂಡು ಹೆಣ್ಣು ಭೇದ ಇಲ್ಲ, ಮದುವೆ ಆಗಿದ್ದರೂ ಅಷ್ಟೇ. ವರದಕ್ಷಿಣೆ ಕೊಟ್ಟಾಗಿದೆ ಅಂತ ಮಾತ್ರ ಹೇಳಬೇಡಿ, ಅದನ್ನು ಕೊಟ್ಟದ್ದೇ ಅಪರಾಧ. ತಂಗಿ ಭಾನುವಾರ ಮನೆಗೆ ಬಂದಾಗ ಹಕ್ಕು ಬಿಟ್ಟುಕೊಡುವ ಕಾಗದ ಮುಂದಿಟ್ಟು ಸಹಿ ಹಾಕಿಸಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮೊದಲು ಆಕೆಯ ಪಾಲು ಎಷ್ಟು ಅಂತ ಆಕೆಗೆ ಹೇಳಿ. ಬೇಕೋ ಬೇಡವೋ ಆಕೆಯೇ ಹೇಳಲಿ.