ಅಗೆದು ತೆಗೆದ ಜೇಕಿನ ಗಡ್ಡೆ ತಿಪ್ಪೆಗೆ ಹಾಕಬಹುದೇ?

ಪ್ರಶ್ನೆ: ಮನೆಯ ಹಿಂದೆ ಎರಡು ಗುಂಟೆಯಲ್ಲಿ ತರಕಾರಿ ಬೆಳೆಯುತ್ತೇವೆ. ಬದನೆ ಮುಗಿದ ಮಡಿ ಅಗೆದಾಗ ಮೂರು ಪುಟ್ಟಿ ತುಂಬ ಜೇಕು ಕಳೆಯ ಗಡ್ಡೆ, ಗರಿಕೆ ಬೇರು ಸಿಕ್ಕಿತು. ಎಸೆಯಲು ಮನಸ್ಸಿಲ್ಲ. ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆಯೇ? ಇಷ್ಟು ಅಗೆದ ಮೇಲೂ ಮತ್ತೆ ಬರುತ್ತದೆಯೇ?
– ಓದುಗರೊಬ್ಬರು, ಶಿರಾ ತಾಲ್ಲೂಕು

ಉತ್ತರ: ಹಸಿಯಾಗಿದ್ದಾಗ ಬೇಡವೇ ಬೇಡ. ತಿಪ್ಪೆಯ ಕಾವಿಗೆ ಕಳೆ ಸಾಯುತ್ತದೆ ಎನ್ನುವುದು ದೊಡ್ಡ ರಾಶಿ ಹಾಕಿ ಆಗಾಗ ಮಗುಚುವವರ ಮಾತು. ಮನೆ ತಿಪ್ಪೆಯ ನಡು ಬಿಸಿಯಾದರೂ ಅಂಚು ತಣ್ಣಗೇ ಇರುತ್ತದೆ, ಗಡ್ಡೆ ಬದುಕಲು ಅಷ್ಟು ಸಾಕು. ಆ ಗೊಬ್ಬರ ಎರಚಿದ ಮಡಿಗಳಿಗೆಲ್ಲ ಜೇಕನ್ನು ನೀವೇ ನಾಟಿ ಮಾಡಿದಂತೆ.

ಮೊದಲು ಒಣಗಿಸಿ. ಗಡ್ಡೆ ಬೇರೆ, ಗರಿಕೆ ಬೇರೆ ಮಾಡಿ, ಮಣ್ಣು ಕೊಡವಿ, ತಾರಸಿಯ ಮೇಲೋ ತಗಡಿನ ಮೇಲೋ ತೆಳ್ಳಗೆ ಹರಡಿ. ಬರೀ ನೆಲದ ಮೇಲೆ ಹರಡಿದರೆ ಗರಿಕೆಯ ಗೆಣ್ಣು ಸ್ವಲ್ಪ ತೇವ ಸಿಕ್ಕರೂ ಬೇರು ಬಿಡುತ್ತದೆ. ಬೇಸಿಗೆ ಬಿಸಿಲಿನಲ್ಲಿ ಗರಿಕೆ ಬೇಗ ಸುಕ್ಕಿ ಹುರಿಯಾಗುತ್ತದೆ. ಗಡ್ಡೆಗೆ ಎರಡು ವಾರವಾದರೂ ಕೊಡಿ. ಅದರ ಕರಿ ಸಿಪ್ಪೆ ಒಣಗಿದಂತೆ ಕಂಡರೆ ನಂಬಬೇಡಿ, ನಾಲ್ಕಾರನ್ನು ಕತ್ತರಿಸಿ ನೋಡಿ. ಒಳಗೆ ಬಿಳಿಯಾಗಿ ಒದ್ದೆಯಿದ್ದರೆ ಇನ್ನೂ ಜೀವವಿದೆ. ವಾಸನೆ ಲೆಕ್ಕಕ್ಕಿಲ್ಲ, ಒಣಗಿದರೂ ಘಮ ಉಳಿಯುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಮಾರುವುದೂ ಇದನ್ನೇ! ಆಮೇಲೂ ಅನುಮಾನವಿದ್ದರೆ ಹತ್ತು ಗಡ್ಡೆಯನ್ನು ಒಂದು ಕುಂಡದಲ್ಲಿ ಹೂತು ನೀರು ಹಾಕುತ್ತಿರಿ. ಎರಡು ಮೂರು ವಾರದಲ್ಲಿ ಒಂದೂ ಮೊಳೆಯದಿದ್ದರೆ ಉಳಿದದ್ದನ್ನು ತಿಪ್ಪೆಗೆ ಹಾಕಿ.

ಮಳೆಗಾಲದಲ್ಲಿ ಈ ಆಟ ನಡೆಯುವುದಿಲ್ಲ. ಆಗ ನೀರೊಲೆಯೇ ಗತಿ. ಬೂದಿ ಹೇಗೂ ತೋಟಕ್ಕೆ ಬರುತ್ತದೆ. ನೀರಿನ ಡ್ರಮ್ಮಿನಲ್ಲಿ ಕೊಳೆಸಿ ಎನ್ನುವವರೂ ಇದ್ದಾರೆ, ಜೇಕಿನ ವಿಷಯದಲ್ಲಿ ನಾನು ಅದನ್ನು ನಂಬುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಬರುತ್ತದೆ, ಖಂಡಿತ ಬರುತ್ತದೆ. ಜೇಕಿನ ಗಡ್ಡೆಗಳು ಜಪಸರದ ಮಣಿಗಳಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಸರ ತುಂಡಾದರೆ ಸುಮ್ಮನೆ ಮಲಗಿದ್ದ ಗಡ್ಡೆಯೂ ಎದ್ದು ಮೊಳೆಯುತ್ತದೆ. ಟಿಲ್ಲರ್ ಹೊಡೆಸಿದ ಜಾಗದಲ್ಲಿ ಜೇಕು ಮೊದಲಿಗಿಂತ ದಟ್ಟವಾಗಿ ಬರುವುದು ಇದರಿಂದಲೇ. ಹೆಚ್ಚಿನ ಗಡ್ಡೆಗಳು ಮೇಲಿನ ಒಂದು ಗೇಣು ಮಣ್ಣಿನಲ್ಲೇ ಇರುವುದರಿಂದ ಗುದ್ದಲಿಗೆ ಸಿಗುತ್ತವೆ. ಉಳಿದವನ್ನು ಹಸಿವಿನಿಂದ ಸಾಯಿಸಬೇಕು. ಮೊಳಕೆ ಎದ್ದು ಕೆಲವು ವಾರದಲ್ಲೇ ಹೊಸ ಗಡ್ಡೆ ಕಟ್ಟಲು ಶುರುವಾಗುತ್ತದೆ, ಆದ್ದರಿಂದ ಹದಿನೈದು ದಿನಕ್ಕೊಮ್ಮೆ ತಪ್ಪದೆ ಕಳೆವಾರು ಆಡಿಸಿ. ಪ್ರತಿ ಸಲ ಚಿಗುರಲು ಗಡ್ಡೆ ತನ್ನ ಕೂಡಿಟ್ಟ ಗಂಟನ್ನೇ ಖರ್ಚು ಮಾಡಬೇಕು. ಒಂದು ತಿಂಗಳು ಬಿಟ್ಟಿರೋ, ಮತ್ತೆ ಒಂದರಿಂದ ಎಣಿಸಬೇಕು.

ಮಡಿಗೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟಿಗೆ ದುಡ್ಡು ಸುರಿಯಬೇಡಿ. ಜೇಕಿನ ಮೊಳಕೆ ದಬ್ಬಣದಂತೆ ಅದನ್ನು ಚುಚ್ಚಿಕೊಂಡು ಮೇಲೆ ಬರುತ್ತದೆ. ಅದಕ್ಕೆ ಆಗದಿರುವುದು ನೆರಳು. ಆ ಮಡಿಯಲ್ಲಿ ಒಂದೆರಡು ಹಂಗಾಮು ಗೆಣಸು, ಸಿಹಿಗುಂಬಳ, ಅಲಸಂದೆಯಂಥ ನೆಲ ಮುಚ್ಚುವ ಬೆಳೆ ಹಾಕಿ, ಬಳ್ಳಿ ಹಬ್ಬುವವರೆಗೆ ಕಳೆ ತೆಗೆಯುತ್ತಿರಿ. ಈರುಳ್ಳಿ, ಕೊತ್ತಂಬರಿಗೆ ಬೇರೆ ಮಡಿ ನೋಡಿಕೊಳ್ಳಿ.